ಯೂರೋ ಚಾರ್ಟಿನ ಪಾಠ ರೂಪಾಯಿಗೆ ನಡೆಯೋದಿಲ್ಲ

ಕರೆನ್ಸಿ ಚಾರ್ಟ್ ನೋಡಿ ವ್ಯಾಪಾರ ಮಾಡುವ ಬಗ್ಗೆ ನಿಮ್ಮ ಲೇಖನ ಓದಿದೆ. ಯೂರೋ-ಡಾಲರಿನ ಐದು ನಿಮಿಷದ ಚಾರ್ಟಿನಲ್ಲಿ ಕಲಿತ ಬ್ರೇಕೌಟ್ ತಂತ್ರ, ಅಂದರೆ ಬೆಲೆ ಹಿಂದಿನ ಮಿತಿ ದಾಟಿದ ಕೂಡಲೇ ಅದೇ ದಿಕ್ಕಿಗೆ ವ್ಯಾಪಾರ ಮಾಡೋದು, ಡಾಲರ್-ರೂಪಾಯಿಗೂ ಹಾಗೇ ನಡೆಯುತ್ತದೆ ಎಂದು ಬರೆದಿದ್ದೀರಿ. ಒಪ್ಪೋದು ಕಷ್ಟ. ಯೂರೋ-ಡಾಲರ್ ವಾರದಲ್ಲಿ ಐದು ದಿನ ಹಗಲೂ ರಾತ್ರಿ ಓಡುತ್ತದೆ. ನಮ್ಮ ಎಕ್ಸ್‌ಚೇಂಜಿನ ಡಾಲರ್-ರೂಪಾಯಿ ಫ್ಯೂಚರ್ಸ್ (ಮುಂದಿನ ತಾರೀಕಿನ ವ್ಯವಹಾರಕ್ಕೆ ಈಗಲೇ ದರ ಗೊತ್ತುಮಾಡುವ ಒಪ್ಪಂದ) ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮಾತ್ರ. ರಾತ್ರಿ ಅಮೆರಿಕದಲ್ಲಿ ಬಡ್ಡಿ ದರದ ಸುದ್ದಿ ಬಂದರೆ ಬೆಳಿಗ್ಗೆ ಚಾರ್ಟಿನಲ್ಲಿ ಗ್ಯಾಪ್, ಅಂದರೆ ಬೆಲೆ ನಿನ್ನೆ ನಿಂತಲ್ಲಿಂದ ಜಿಗಿದು ಬೇರೆ ಕಡೆ ಶುರುವಾಗುತ್ತದೆ. ನಷ್ಟ ಇಷ್ಟಕ್ಕೇ ನಿಲ್ಲಲಿ ಎಂದು ನೀವು ಸ್ಟಾಪ್‌ಲಾಸ್ ಇಟ್ಟ ಬೆಲೆಯನ್ನು ಆ ಜಿಗಿತ ದಾಟಿಬಿಟ್ಟರೆ, ಆ ಬೆಲೆಗೆ ಹೊರಬರೋಕೆ ಆಗೋದೇ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ರಿಸರ್ವ್ ಬ್ಯಾಂಕ್. ರೂಪಾಯಿ ಜೋರಾಗಿ ಕುಸಿಯುವಾಗ ಅದು ಡಾಲರ್ ಮಾರುತ್ತದೆ. ಚಾರ್ಟಿನಲ್ಲಿ ಚಂದದ ಬ್ರೇಕೌಟ್ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಬೆಲೆ ವಾಪಸ್! ಇಲ್ಲಿ ದಿನದ ಚಾರ್ಟ್ ನೋಡಿ, ಇತ್ತೀಚಿನ ಏರಿಳಿತ ಎಷ್ಟಿದೆಯೋ ಅದರ ಲೆಕ್ಕದಲ್ಲಿ ಸ್ಟಾಪ್ ಇಡೋದೇ ವಾಸಿ.

ಮಂಗಳೂರಿನಲ್ಲಿ ಗೇರುಬೀಜದ ಆಮದು ಲೆಕ್ಕ ಬರೆಯುವವನಾಗಿ ಇನ್ನೊಂದು ಮಾತು. 2024ರ ಮೇಯಿಂದ ರೂಪಾಯಿ ಫ್ಯೂಚರ್ಸ್ ಮಾಡುವವರಿಗೆ ನಿಜವಾದ ಡಾಲರ್ ವ್ಯವಹಾರ ಇರಬೇಕು. ಆಫ್ರಿಕಾದಿಂದ ಕಚ್ಚಾ ಬೀಜ ತರಿಸುವವರಿಗೆ ಅದು ಇದೆ. ಸುಮ್ನೆ ಚಾರ್ಟ್ ನೋಡಿ ಆಡುವ ಮಣಿಪಾಲದ ಹುಡುಗರಿಗೆ ಎಲ್ಲಿಂದ ಬರಬೇಕು? ಇಷ್ಟು ಮುಖ್ಯವಾದ ನಿಯಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಹಾಂ, ದುಬೈಯಿಂದ ಹಣ ಕಳಿಸುವವರು ದಿರ್ಹಮ್ ಚಾರ್ಟನ್ನೂ ಬೇರೆಯಾಗಿ ಕಲಿಯಬೇಕು ಅಂದಿದ್ದೀರಲ್ಲ, ಅದು ಯಾಕೆ? 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದೇ ನಿಗದಿಯಾಗಿದೆ. ಡಾಲರ್-ರೂಪಾಯಿ ಚಾರ್ಟ್ ನೋಡಿದರೆ ಸಾಕು ಅಲ್ವಾ?