ಕಡುಬಿಗೆ ಒಂದೇ ಸ್ಟಾರ್ ಕೊಡಿ ಸಾರ್

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನನ್ನ ಖಾಯಂ ತಿಂಡಿ ಹೋಟೆಲ್ ಒಂದಿದೆ. ಮೊನ್ನೆ ಅದಕ್ಕೆ ಯಾರೋ ಪುಣ್ಯಾತ್ಮರು ಒಂದು ಸ್ಟಾರ್ ಕೊಟ್ಟಿದ್ದಾರೆ. ಕಾರಣ ಏನಪ್ಪಾ ಅಂದರೆ, ಅವರು ಮಧ್ಯಾಹ್ನ ಮೂರೂವರೆಗೆ ಹೋದಾಗ ಬಾಗಿಲು ಹಾಕಿತ್ತಂತೆ. ಅಷ್ಟಕ್ಕೇ ಬಿಟ್ಟಿಲ್ಲ. ಊಟಕ್ಕೆ ಐದರಲ್ಲಿ ಒಂದು, ಸರ್ವಿಸಿಗೆ ಒಂದು, ವಾತಾವರಣಕ್ಕೆ ಒಂದು ಅಂತ ಬಿಡಿಬಿಡಿಯಾಗಿ ಅಂಕ ಹಾಕಿದ್ದಾರೆ. ಮುಚ್ಚಿದ ಶಟರ್ ನೋಡಿ ಒಳಗಿನ ಚಟ್ನಿಯ ರುಚಿ ಹೇಳುವಂಥ ನಾಲಿಗೆ ನಮ್ಮ ವಂಶದಲ್ಲಂತೂ ಯಾರಿಗೂ ಇರಲಿಲ್ಲ.

ಯಜಮಾನರಿಗೆ ಓದಿ ಹೇಳಿದೆ. ಅವರು ಗಲ್ಲಾದಿಂದ ತಲೆ ಎತ್ತಲಿಲ್ಲ. 'ಮೂರೂವರೆಗೆ ಯಾರಾದ್ರೂ ತಿಂಡಿ ತಿಂತಾರಾ ಸಾರ್?' ಅಂದರು, ಅಷ್ಟೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅಕ್ಕಿ ತರಿ ಬೇಯಿಸಿ, ಕೈ ಸುಡುವಾಗಲೇ ಉಂಡೆ ಕಟ್ಟಿ, ಹಬೆಗೆ ಇಡುವ ಮನುಷ್ಯ ಅವರು. ಒಂಬತ್ತೂವರೆಗೆ ಕಡುಬು ಖಾಲಿ. ಹನ್ನೊಂದಕ್ಕೆ ಪಾತ್ರೆ ತೊಳೆದು ಬಾಗಿಲು. ಐದು ಟೇಬಲ್, ಒಂದು ಉದ್ದ ಬೆಂಚು, ಗೋಡೆಗೆ ಹೋದ ವರ್ಷದ ಕ್ಯಾಲೆಂಡರ್. ಮೆನು ಕಾರ್ಡ್ ಕೇಳಿದರೆ ಅವರ ಮಗ ಬಾಯಲ್ಲೇ ಹೇಳುತ್ತಾನೆ, ಅದೂ ಎರಡೇ ಉಸಿರಿಗೆ.

ಹಾಗಂತ ನಾನೇನೂ ಸಾಚಾ ಅಲ್ಲ. ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಅಂತ ಹೋಟೆಲ್ ಸುತ್ತಿ ಸುತ್ತಿ ಬರೆಯುವ ಚಟ ನನಗೂ ಇದೆ. ಗೂಗಲ್ ಮ್ಯಾಪಿನವರು ಇದಕ್ಕೆ ಪಾಯಿಂಟ್ ಬೇರೆ ಕೊಡುತ್ತಾರೆ. ಒಂದು ರಿವ್ಯೂ ಬರೆದರೆ 10, ಒಂದು ಫೋಟೋ ಹಾಕಿದರೆ 5. ಮಸಾಲೆ ದೋಸೆಯ ಫೋಟೋಗೂ 5, ಹೋಟೆಲ್ ಎದುರಿನ ಟ್ರಾನ್ಸ್‌ಫಾರ್ಮರ್ ಫೋಟೋಗೂ 5. ಕೊನೆಯ ಮೆಟ್ಟಿಲಾದ ಹತ್ತನೇ ಲೆವೆಲ್ ಮುಟ್ಟೋಕೆ ಒಂದು ಲಕ್ಷ ಪಾಯಿಂಟ್ ಬೇಕು. ಆ ಪಾಯಿಂಟ್ ಕೊಟ್ಟರೆ ಯಾವ ಅಂಗಡಿಯಲ್ಲೂ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಸಿಗೋದಿಲ್ಲ ಅನ್ನೋದು ನನ್ನ ಹೆಂಡತಿಯ ತಕರಾರು. 'ಮನೆ ಸಾರಿಗೂ ಒಂದು ಮಾತು ಬರೀರಿ, ಹತ್ತು ಪಾಯಿಂಟ್ ಬರುತ್ತೆ' ಅಂತ ಅವಳು ಹೇಳುತ್ತಲೇ ಇರುತ್ತಾಳೆ. ಬರೆಯಬಹುದು. ಆದರೆ ಅಲ್ಲಿ ಐದಕ್ಕಿಂತ ಕಮ್ಮಿ ಕೊಡುವ ಧೈರ್ಯ ಬೇಕಲ್ಲ.

ಇರಲಿ. ನಮ್ಮ ಕಡುಬಿನ ಹೋಟೆಲಿಗೆ ಸರಾಸರಿ ಮೂರೂವರೆ. ಹಾಗಾದರೆ ನಾಲ್ಕೂ ಮುಕ್ಕಾಲು ಯಾರಿಗೆ ಅಂತ ಹುಡುಕಿಕೊಂಡು ಹೋದೆ. ಗಿರಿಯ ಕಡೆ ಹೋಗುವ ದಾರಿಯಲ್ಲಿ ಸಿಕ್ಕಿತು. ಹೊರಗೆ 'ಅಪ್ಪಟ ಮಲೆನಾಡ ಅಜ್ಜಿ ಕೈರುಚಿ' ಅಂತ ಬೋರ್ಡು. ಬಾಗಿಲಲ್ಲಿ ಗಾಡಿ ಚಕ್ರ. ಒರಳುಕಲ್ಲನ್ನು ಕೈ ತೊಳೆಯುವ ಬೇಸಿನ್ ಮಾಡಿದ್ದಾರೆ, ಬೀಸುವ ಕಲ್ಲಿನ ಮೇಲೆ ಟಿಶ್ಯೂ ಪೇಪರ್ ಇಟ್ಟಿದ್ದಾರೆ, ಗೋಡೆ ತುಂಬ ಕಂಬಳಿ, ಕಂದೀಲು, ಗುದ್ದಲಿ. ನಮ್ಮ ಅಜ್ಜಿ ಈ ಗುದ್ದಲಿ ಹಿಡಿದು ತೋಟದಲ್ಲಿ ಗುಂಡಿ ತೋಡಿ ತೋಡಿ ಸೊಂಟ ಹೋದವಳು. ಅದನ್ನು ಊಟದ ಮನೆಯಲ್ಲಿ ಯಾರಾದರೂ ನೇತು ಹಾಕಿದ್ದರೆ ಅದರಲ್ಲೇ ಎರಡು ಬಾರಿಸುತ್ತಿದ್ದಳು.

ಅಜ್ಜಿ ಎಲ್ಲಿ ಅಂತ ಅಡುಗೆಮನೆಗೆ ಇಣುಕಿದೆ. ಅಜ್ಜಿ ಇರಲಿಲ್ಲ. ಅಸ್ಸಾಮಿನ ಕಡೆಯ ಒಬ್ಬ ಹುಡುಗ ಅಕ್ಕಿ ರೊಟ್ಟಿ ತಟ್ಟುತ್ತಿದ್ದ. ನಿಜ ಹೇಳುತ್ತೇನೆ, ಅವನ ರೊಟ್ಟಿ ನಮ್ಮ ಮನೆಯ ರೊಟ್ಟಿಗಿಂತ ತೆಳು, ಅಂಚು ಒಂದು ಚೂರೂ ಒಡೆದಿರಲಿಲ್ಲ. ಇಡೀ ಹೋಟೆಲಿನಲ್ಲಿ ಅಪ್ಪಟವಾಗಿದ್ದದ್ದು ಅದೊಂದೇ. ಆದರೆ 'ಅಸ್ಸಾಮಿನ ಹುಡುಗನ ಕೈರುಚಿ' ಅಂತ ಬೋರ್ಡು ಬರೆದರೆ ಯಾರು ಒಳಗೆ ಬರುತ್ತಾರೆ? ಹಾಗಾಗಿ ಹೊಗಳಿಕೆ ಎಲ್ಲ ಇಲ್ಲದ ಅಜ್ಜಿಗೆ ಹೋಗುತ್ತದೆ.

ಮೆನು ಕಾರ್ಡು ಅಂದರೆ ಮದುವೆ ಆಲ್ಬಮ್ ಗಾತ್ರ. ಕಳಲೆ ಪಲ್ಯ, ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಅಣಬೆ ಸಾರು ಎಲ್ಲವೂ ವರ್ಷಪೂರ್ತಿ ಸಿಗುತ್ತದೆ. ಕಳಲೆ ಮಳೆಗಾಲದ್ದು ಮಾರಾಯ್ರೇ. ಬಿದಿರಿನ ಎಳೆ ಮೊಳಕೆ ತಂದು, ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಹಾಕಿದ ಮೇಲೇ ಒಲೆಗೆ ಏರೋದು. ಪತ್ರೊಡೆಗೆ ಹಾಕುವ ಕೆಸುವಿನ ಎಲೆಯೂ ಹಾಗೇ, ಹುಳಿ ಸರಿಯಾಗಿ ಬೀಳದಿದ್ದರೆ ಗಂಟಲೆಲ್ಲ ತುರಿಕೆ. ನಾನು ಹೋಗಿದ್ದು ಮಾರ್ಚ್ ತಿಂಗಳು. 'ಈಗ ಕಳಲೆ ಎಲ್ಲಿಂದ ಬಂತಪ್ಪಾ?' ಅಂದೆ. ಬಡಿಸುವ ಹುಡುಗ ಒಳಗೆ ಹೋಗಿ ಕೇಳಿ ಬಂದು, 'ಸಾರ್, ಬೇಬಿ ಕಾರ್ನ್ ಹಾಕ್ತೀವಿ, ಮಸಾಲೆ ಅದೇ' ಅಂದ. ಪಾಪ, ಸುಳ್ಳು ಹೇಳಲಿಲ್ಲ. ಪಕ್ಕದ ಟೇಬಲಿನ ದಂಪತಿ ಅದನ್ನೇ ತಿಂದು 'ಮಲೆನಾಡ ಮಣ್ಣಿನ ಸೊಗಡು' ಅಂತ ವಿಡಿಯೋಗೆ ಹೇಳುತ್ತಿದ್ದರು. ಆ ಮಣ್ಣು ಯಾವ ತಾಲೂಕಿನದು ಅಂತ ಕೇಳೋಣ ಅನ್ನಿಸಿತು, ಸುಮ್ನೆ ಇದ್ದೆ.

ಇನ್ನು ಕಾಫಿ. ಗೋಡೆಯ ಮೇಲೆ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕಥೆಯನ್ನು ದೊಡ್ಡದಾಗಿ ಬರೆಸಿದ್ದಾರೆ, ಇಂಗ್ಲಿಷಿನಲ್ಲಿ. ಕಾಫಿ ಕುಡಿದ ಮೇಲೆ ಅರ್ಥ ಆಯಿತು, ಇನ್ನೂ ಅದೇ ಏಳು ಬೀಜದಲ್ಲೇ ಮಾಡುತ್ತಿದ್ದಾರೆ. ಬೆಲೆ 220 ರೂಪಾಯಿ. ನೊರೆ ಮೇಲೆ ಒಂದು ಎಲೆ ಬಿಡಿಸಿದ್ದರು. ನಮ್ಮ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ, 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನೋ ಅಧಿಕೃತ ಗುರುತು, ಸಿಕ್ಕಿದೆ. ನೂರು ವರ್ಷ ಆ ಜನ ಗಿಡದ ಎಲೆ ನೋಡಿ ರೋಗ ಹುಡುಕಿದರು. ಈಗಿನವರು ನೊರೆ ಮೇಲಿನ ಎಲೆ ನೋಡಿ ಸ್ಟಾರ್ ಹಾಕುತ್ತಾರೆ. ನಮ್ಮ ಕಡುಬಿನ ಹೋಟೆಲಿನಲ್ಲಿ 15 ರೂಪಾಯಿಗೆ ಲೋಟ ತುಂಬ ಸ್ಟ್ರಾಂಗ್ ಕಾಫಿ. ಚಿಕೋರಿ ಇದೆಯಾ ಅಂದರೆ 'ಇದೆ ಸಾರ್, ಪ್ಯಾಕೆಟ್ ಮೇಲೇ ಬರೆದಿದೆ' ಅಂತ ಪ್ಯಾಕೆಟ್ಟನ್ನೇ ತೋರಿಸುತ್ತಾರೆ. ಕಾನೂನೂ ಅಷ್ಟೇ ಕೇಳೋದು: ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಮ್ಮಿ ಇರಬಾರದು, ಎಷ್ಟು ಚಿಕೋರಿ ಅಂತ ಮೇಲೆ ಬರೆಯಬೇಕು. ಇದಕ್ಕೆ ಬಂದ ರಿವ್ಯೂ ಓದಿ: 'ಕಾಫಿ ಕಹಿ ಇತ್ತು. ಎರಡು ಸ್ಟಾರ್.' ಕಾಫಿ ನಾಡಿನ ಊರಲ್ಲಿ ಕೂತು ಕಾಫಿ ಕಹಿ ಅಂತ ದೂರು!

ಬಿಲ್ಲಿನ ವಿಷಯವಂತೂ ಇನ್ನೂ ಮಜಾ. ಸಣ್ಣ ಹೋಟೆಲಿಗೆ ಇನ್ನೊಬ್ಬರು, 'ಜಿಎಸ್‌ಟಿ ಬಿಲ್ ಕೊಡಲ್ಲ, ಕಳ್ಳರು' ಅಂತ ಬರೆದಿದ್ದಾರೆ. ವರ್ಷಕ್ಕೆ 20 ಲಕ್ಷದೊಳಗೆ ವ್ಯಾಪಾರ ಇರುವ ಹೋಟೆಲಿಗೆ ಜಿಎಸ್‌ಟಿ ನೋಂದಣಿಯೇ ಬೇಡ. ಅದಕ್ಕಿಂತ ಸ್ವಲ್ಪ ದೊಡ್ಡವರು ಕಾಂಪೊಸಿಷನ್ ಸ್ಕೀಮ್ ಅನ್ನೋ ಸರಳ ತೆರಿಗೆ ವ್ಯವಸ್ಥೆಗೆ ಸೇರಿದ್ದರೆ ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಗಿರಾಕಿಯಿಂದ ಒಂದು ಪೈಸೆ ವಸೂಲಿ ಮಾಡುವ ಹಾಗಿಲ್ಲ. ಅಂದರೆ ಬಿಲ್ಲಿನಲ್ಲಿ ತೆರಿಗೆ ಹಾಕದಿದ್ದದ್ದೇ ತಪ್ಪಾಯಿತು. ಗಾಡಿ ಚಕ್ರದ ಹೋಟೆಲಿನವರೋ, ಊಟಕ್ಕೆ ತೆರಿಗೆ ಸೇರಿಸಿ ಅದರ ಕೆಳಗೆ ಸದ್ದಿಲ್ಲದೆ ನೂರಕ್ಕೆ ಹತ್ತು ಸರ್ವಿಸ್ ಚಾರ್ಜ್ ಸೇರಿಸಿದ್ದರು. ಹಾಗೆ ತಾವಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿಯಾಗಿದೆ. ಆದರೆ ಬಿಲ್ಲು ತಂದಿದ್ದು ಸಣ್ಣ ತೇಗದ ಪೆಟ್ಟಿಗೆಯಲ್ಲಿ, ಜೊತೆಗೆ ಒಂದು ಚಿಟಿಕೆ ಸೋಂಪು. ಪೆಟ್ಟಿಗೆಯ ಫೋಟೋ ತೆಗೆದವರೇ ಎಲ್ಲ. ಒಳಗಿನ ಚೀಟಿ ಯಾರೂ ಓದುವುದಿಲ್ಲ.

ಗೋಬಿ ಮಂಚೂರಿಯ ಕಥೆ ನಿಮಗೂ ನೆನಪಿರಬೇಕು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿತು. ಅಲ್ಲಿಯವರೆಗೆ ದೀಪಾವಳಿ ಪಟಾಕಿ ಹಾಗೆ ಉರಿಯುತ್ತಿದ್ದ ಗೋಬಿ ಒಂದೇ ವಾರದಲ್ಲಿ ಹೂಕೋಸಿನ ಬಣ್ಣಕ್ಕೆ ತಿರುಗಿತು. ಹಾಸನದಲ್ಲಿ ನನಗೆ ಗೊತ್ತಿರುವ ಗೋಬಿ ಗಾಡಿಯ ಹುಡುಗ ಮೊದಲ ದಿನವೇ ಬಣ್ಣದ ಡಬ್ಬಿ ಚರಂಡಿಗೆ ಸುರಿದ. ಅವನಿಗೆ ಸಿಕ್ಕ ಬಹುಮಾನ ಏನು ಗೊತ್ತಾ? 'ಮೊದಲಿನ ಹಾಗಿಲ್ಲ. ಪೇಲವ. ಕ್ವಾಲಿಟಿ ಬಿದ್ದುಹೋಗಿದೆ.' ಎರಡು ಸ್ಟಾರ್. ಬಟ್ಟೆಗೆ ಹಾಕುವ ಬಣ್ಣ ಹೊಟ್ಟೆಗೆ ಹೋಗುತ್ತಿದ್ದಾಗ ನಾಲ್ಕೂವರೆ ಇತ್ತು.

ಇದೆಲ್ಲ ಕಂಡು ನನಗೆ ರೋಷ ಬಂತು. ಇಲ್ಲೇ ನಾನು ಕೆಟ್ಟಿದ್ದು. ನಮ್ಮ ಕಡುಬಿಗೆ ನ್ಯಾಯ ಕೊಡಿಸೋಣ ಅಂತ ಒಂದು ರಾತ್ರಿ ಕೂತು ಉದ್ದಕ್ಕೆ ಬರೆದೆ. ಹಬೆ ಏಳುವ ಫೋಟೋ ಹಾಕಿದೆ. ಕಾಳು ಸಾರಿನ ಬಗ್ಗೆಯೇ ಹತ್ತು ಸಾಲು. ಕೊನೆಗೆ ನಾಚಿಕೆ ಬಿಟ್ಟು 'ಅಜ್ಜಿ ಕೈರುಚಿ' ಅಂತಲೂ ಬರೆದುಬಿಟ್ಟೆ. ಯಜಮಾನರಿಗೆ ಮೀಸೆ ಇದೆ ಅನ್ನೋದು ಮರೆತೇ ಹೋಗಿತ್ತು.

ಮುಂದಿನ ಶನಿವಾರ ಒಂದು ಟೆಂಪೋ ಟ್ರಾವೆಲರ್ ಬಂತು. ಭಾನುವಾರ ಮೂರು. ದಿನಾ ಬರುವ ಆಟೋದವರು, ಬಸ್ಸಿನ ಕಂಡಕ್ಟರು, ಹಾಸ್ಟೆಲ್ ಹುಡುಗರು ಬೀದಿಯಲ್ಲಿ ನಿಂತರು. ಒಳಗೆ ಒಬ್ಬಳು ಕಡುಬು ಮುರಿದು ತುಪ್ಪ ಸುರಿಯುವುದನ್ನು ಇನ್ನೊಬ್ಬಳು ನಿಧಾನವಾಗಿ ವಿಡಿಯೋ ಮಾಡುತ್ತಿದ್ದಳು. ಸರಿ ಬರಲಿಲ್ಲ, ಇನ್ನೊಂದು ಕಡುಬು. ಅದೂ ಸರಿ ಬರಲಿಲ್ಲ. ಆರನೇ ಕಡುಬಿಗೆ ಬೆಳಕು ಸರಿಹೋಯಿತು, ಅಷ್ಟು ಹೊತ್ತಿಗೆ ಸಾರು ಆರಿ ಕೆನೆ ಕಟ್ಟಿತ್ತು. ಸಂಜೆ ರಿವ್ಯೂ ಬಂತು: ಊಟ ತಣ್ಣಗಿತ್ತು, ಮೂರು ಸ್ಟಾರ್. ಮತ್ತೊಬ್ಬ ಹುಡುಗ ಬಂದು ತನಗೆ ಎಷ್ಟು ಸಾವಿರ ಫಾಲೋವರ್ಸ್ ಇದ್ದಾರೆ ಅಂತ ಫೋನು ತೋರಿಸಿ, 'ಕೊಲಾಬ್ ಮಾಡೋಣ್ವಾ ಅಂಕಲ್?' ಅಂದ. ಯಜಮಾನರು ಕಿವಿ ಮುಂದೆ ಮಾಡಿ ಕೇಳಿಸಿಕೊಂಡು, 'ಇಲ್ಲಪ್ಪ, ನಮ್ಮಲ್ಲಿ ಸಿಹಿ ಮಾಡಲ್ಲ' ಅಂದರು.

ಎರಡು ವಾರ ತಡೆದುಕೊಂಡರು. ಮೂರನೇ ಸೋಮವಾರ ನನ್ನನ್ನು ಹಿಂದಿನ ಬಾಗಿಲಿಗೆ ಕರೆದರು. ಹಬೆ ಪಾತ್ರೆ ಇನ್ನೂ ಬಿಸಿ ಇತ್ತು.

'ಸಾರ್, ಇದು ನೀವು ಹಚ್ಚಿದ ಬೆಂಕಿ ಅಂತ ಮಗ ಹೇಳಿದ. ನಿಜವಾ?'

'ಒಳ್ಳೇದಾಗಲಿ ಅಂತ ಬರೆದೆ ಯಜಮಾನ್ರೇ.'

'ಒಳ್ಳೇದೇ ಆಯ್ತು. ಮೊನ್ನೆ ಯಾರೋ ಕಡುಬಿಗೆ ಚೀಸ್ ಕೇಳಿದ್ರು. ನಂಗೆ ಅರವತ್ತೆರಡು ವರ್ಷ. ನಾಲ್ಕಕ್ಕೆ ಏಳ್ತಿದ್ದವನು ಈಗ ಎರಡಕ್ಕೆ ಏಳ್ತಿದೀನಿ. ನಿಮ್ಮ ಕೈ ಮುಗೀತೀನಿ, ಕಡುಬಿಗೆ ಒಂದೇ ಸ್ಟಾರ್ ಕೊಡಿ ಸಾರ್. ಬೈದು ಬರೀರಿ.'

ಬೈದೆ. ಮನಸ್ಸಿಲ್ಲದ ಮನಸ್ಸಿನಿಂದ, ಆದರೆ ಶ್ರದ್ಧೆಯಿಂದ. ಪಾರ್ಕಿಂಗ್ ಇಲ್ಲ, ಎಸಿ ಇಲ್ಲ, ಉಯ್ಯಾಲೆ ಇಲ್ಲ. ಮೆನು ಕಾರ್ಡ್ ಇಲ್ಲ. ಕಡುಬು ಅತಿಯಾಗಿ ಬಿಸಿ, ಬಾಯಿ ಸುಟ್ಟಿತು. ಕಾಫಿಯಲ್ಲಿ ಕಾಫಿ ಜಾಸ್ತಿ. ಇನ್ನೂ ಏನಾದರೂ ಬೇಕಿತ್ತಲ್ಲ ಅಂತ ಕೊನೆಗೆ, 'ಯಜಮಾನರು ಯಾವತ್ತೂ ನಗುವುದಿಲ್ಲ' ಅಂತ ಸೇರಿಸಿದೆ. ಒಂದು ಸ್ಟಾರ್ ಒತ್ತಿ ಫೋನು ಮಗುಚಿ ಇಟ್ಟು ಮಲಗಿದೆ.

ಆ ಸಾಲೇ ಮುಳುವಾಯಿತು. ಯಾರೋ ಅದನ್ನು ಎತ್ತಿಕೊಂಡು 'ನಗದೇ ಇರೋ ಅಂಕಲ್ ಕಡುಬು' ಅಂತ ರೀಲ್ಸ್ ಮಾಡಿದರು. ಈಗ ಬೆಂಗಳೂರಿನಿಂದ ಬರುವವರು ಕಡುಬು ಕೇಳುವುದಕ್ಕಿಂತ ಮೊದಲು 'ಆ ಅಂಕಲ್ ಯಾರು?' ಅಂತ ಕೇಳುತ್ತಾರೆ. ಗಲ್ಲಾದ ಎದುರು ಸಾಲಾಗಿ ನಿಂತು, ತಾವೂ ಮುಖ ಗಂಟು ಹಾಕಿಕೊಂಡು ಸೆಲ್ಫಿ ತೆಗೆಯುತ್ತಾರೆ. ಹೋದ ಭಾನುವಾರ ಒಂದು ಪುಟ್ಟ ಮಗು ಹಾಗೆ ಮುಖ ಮಾಡಿದ್ದು ನೋಡಿ ಯಜಮಾನರಿಗೆ ತಡೆಯಲಾಗದೆ ನಗು ಬಂತು. ಅವರು ನಕ್ಕಿದ್ದು ನಾನು ಕಂಡಿದ್ದು ಅದೇ ಮೊದಲು. ಸಂಜೆಗೆ ರಿವ್ಯೂ: 'ಹೇಳಿದ ಹಾಗಿಲ್ಲ. ಅಂಕಲ್ ನಗುತ್ತಾರೆ. ಮೋಸ.' ಎರಡು ಸ್ಟಾರ್.

ಈವತ್ತು ಒಂಬತ್ತಕ್ಕೇ ಹೋದೆ. ಕಡುಬು ಖಾಲಿ.

'ಉಪ್ಪಿಟ್ಟಿದೆ, ಕೊಡ್ಲಾ?' ಅಂದರು ಯಜಮಾನರು.

'ಕೊಡಿ.'

'ಕೊಡ್ತೀನಿ. ಫೋನು ಇಲ್ಲಿ ಗಲ್ಲಾ ಮೇಲೆ ಇಟ್ಟು ಹೋಗಿ ಕೂತ್ಕೊಳ್ಳಿ.'