ಹಿಟ್ಟು ಉಬ್ಬಲಿಲ್ಲ ಅಂದ್ರೆ ಅದು ಕೈಗುಣ ಅಲ್ಲ

ಡಿಸೆಂಬರ್ ಕೊನೇಲಿ ಊರಿಗೆ ಬಂದಿದ್ದೆ, ಬೆಂಗಳೂರಿನ ಹನುಮಂತನಗರದ ಮನೆಗೆ. ಭಾನುವಾರ ಬೆಳಗ್ಗೆ ಇಡ್ಲಿ ಅಂತ ಹಿಂದಿನ ದಿನಾನೇ ತೀರ್ಮಾನ ಆಗಿತ್ತು, ಅತ್ತಿಗೆ ಸಂಜೆ ರುಬ್ಬಿಟ್ಟಿದ್ರು. ಬೆಳಗ್ಗೆ ಮುಚ್ಚಳ ತೆಗೆದ್ರೆ ಹಿಟ್ಟು ಇಟ್ಟಷ್ಟೇ ಇದೆ, ಒಂದು ಗುಳ್ಳೆ ಇಲ್ಲ. ಅಮ್ಮ ಬಗ್ಗಿ ನೋಡಿ "ನಿನ್ ಕೈಗೆ ಹಿಟ್ಟು ಹುದುಗೋದೇ ಇಲ್ಲ ಕಣೇ, ಬಂದಾಗಿಂದ ನೋಡ್ತಿದೀನಿ" ಅಂದ್ಬಿಟ್ಳು. ಅತ್ತಿಗೆ ಏನೂ ಮಾತಾಡ್ಲಿಲ್ಲ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚೋಕೆ ಕೂತ್ರು.

ಆ ಮಾತು ಅವರಿಗಿಂತ ನನಗೆ ಜಾಸ್ತಿ ಚುಚ್ಚಿತು. ಯಾಕಂದ್ರೆ ನಾನು ಇರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಆರು ವರ್ಷದಿಂದ ಮನೆ ಬೇಸ್‌ಮೆಂಟಲ್ಲಿ ಬೀರ್ ಮಾಡ್ತೀನಿ, ಇಂಥದೇ ತಪ್ಪು ಮಾಡಿ ಇಪ್ಪತ್ತು ಲೀಟರ್ ಚೆಲ್ಲಿದವನು. ಮೊದಲನೇ ಸಲ ಮಾಡಿದ್ದು ಆಗಸ್ಟಲ್ಲಿ, ಬೀರ್ ಹುದುಗೋಕೆ ಹಾಕಿದ ಬಕೆಟ್ ತಗೊಂಡೋಗಿ ಬಟ್ಟೆ ಕಪಾಟಿನಲ್ಲಿಟ್ಟೆ, ರೂಮು 24 ಡಿಗ್ರಿ ಇದೆ ಸಾಕು ಅಂದ್ಕೊಂಡೆ. ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಶಾಖ ಬಿಡುತ್ತೆ, ಜೋರಾಗಿ ನೊರೆ ಬರೋ ದಿನ ಬಕೆಟ್ ಒಳಗಡೆ ರೂಮಿಗಿಂತ ಮೂರು ನಾಲ್ಕು ಡಿಗ್ರಿ ಮೇಲೇ ಇರುತ್ತೆ ಅಂತ ಗೊತ್ತಿರಲಿಲ್ಲ. ನಾನು ಮಾಡ್ತಿದ್ದ ಏಲ್ ಅನ್ನೋ ಬಗೆಯ ಬೀರಿನ ಯೀಸ್ಟ್‌ಗೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಹಿತ, ನನ್ನದು 28 ಮುಟ್ಟಿತ್ತು. ಬಾಟಲಿ ತೆಗೆದ್ರೆ ಕಳಿತ ಬಾಳೆಹಣ್ಣಿನ ವಾಸನೆ, ಅದರ ಹಿಂದೆನೇ ನೇಲ್ ಪಾಲಿಶ್ ತೆಗೆಯೋ ದ್ರವದ ಘಾಟು.

ಅದನ್ನೇ ಒಂದು ಬಾಟಲಿ ಅಲ್ಲಿನ ಬೀರ್ ಮಾಡೋರ ಕೂಟಕ್ಕೆ ತಗೊಂಡು ಹೋದೆ. ರಿಟೈರ್ ಆದ ಒಬ್ಬ ಪ್ಲಂಬರ್, ಒಂದು ಗುಟುಕು ಕುಡಿದು ಲೋಟ ಕೆಳಗಿಟ್ರು. ನಿನಗೆ ಇದು ಬರಲ್ಲ ಅನ್ನಲಿಲ್ಲ. ಕೇಳಿದ್ದು ಒಂದೇ, ಮೊದಲ ಎರಡು ದಿನ ಬಕೆಟ್ ಎಷ್ಟು ಡಿಗ್ರಿ ಇತ್ತು? ರೂಮಲ್ಲ, ಬಕೆಟ್. ನನ್ನ ಹತ್ರ ಉತ್ತರ ಇರಲಿಲ್ಲ. ಅವರು ತಮ್ಮ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ರು, ತಾರೀಖು, ಬೆಳಗ್ಗೆ ಎಷ್ಟು ಸಂಜೆ ಎಷ್ಟು, ಕೊನೆಗೆ ರುಚಿ ಹೇಗಾಯ್ತು, ಕೆಟ್ಟಿದ್ದು ಯಾವುದು, ಯಾಕೆ ಅಂತ ಅವರ ಊಹೆ, ಎಲ್ಲಾ. ಮೊದಲ ದಿನ ನೋಡಿದ ಹೊರಗಿನವನಿಗೆ ಅಷ್ಟು ವರ್ಷದ ಅನುಭವ ಹಾಗೇ ಬಿಚ್ಚಿಟ್ಟುಬಿಟ್ರಲ್ಲ ಅಂತ ಇವತ್ತಿಗೂ ನೆನಸ್ಕೋತೀನಿ.

ಅವರು ಹೇಳಿಕೊಟ್ಟಿದ್ದರಲ್ಲಿ ದುಡ್ಡು ಖರ್ಚಾಗೋದು ಏನೂ ಇರಲಿಲ್ಲ. ದೊಡ್ಡ ಟಬ್‌ನಲ್ಲಿ ನೀರು ಹಾಕಿ ಬಕೆಟ್ ಅದರೊಳಗೆ ನಿಲ್ಲಿಸು, ಹಳೇ ಟೀ ಶರ್ಟ್ ಒದ್ದೆ ಮಾಡಿ ಸುತ್ತು, ತುದಿ ನೀರಲ್ಲಿ ಮುಳುಗಿರಲಿ, ಫ್ಯಾನ್ ಹಾಕು, ಐಸ್ ಗಟ್ಟಿದ ನೀರಿನ ಬಾಟಲಿ ಬೆಳಗ್ಗೆ ಒಂದು ರಾತ್ರಿ ಒಂದು ಟಬ್ಬಿಗೆ ಬಿಡು, ಸುತ್ತಲಿನ ನೀರಿನಿಂದಾನೇ ಬಕೆಟ್ ದಿಢೀರ್ ಅಂತ ಏರಲ್ಲ ಇಳಿಯಲ್ಲ. ಏರಿದ್ರೆ ಘಾಟು, ಇಳಿದ್ರೆ ಯೀಸ್ಟ್ ತಳಕ್ಕೆ ಹೋಗಿ ಮಲಗಿಬಿಡುತ್ತೆ, ಬೀರ್ ಅರ್ಧ ಸಿಹಿ ಉಳ್ಕೊಳುತ್ತೆ. ಮೊದಲ ಮೂರು ದಿನ ಕಾಯ್ಕೊಂಡ್ರೆ ಮುಕ್ಕಾಲು ಗೆದ್ದ ಹಾಗೆ, ಆಮೇಲೆ ಒಂದೆರಡು ಡಿಗ್ರಿ ತಾನಾಗೇ ಏರಲಿ ಬಿಡು, ಬೆಣ್ಣೆ ವಾಸನೆ ಏನಾದ್ರೂ ಇದ್ರೆ ಯೀಸ್ಟೇ ತಿಂದು ಮುಗಿಸುತ್ತೆ ಅಂದ್ರು. ಈಗ ನನ್ನ ಹತ್ರ ಹಳೇ ಫ್ರೀಜರ್ ಇದೆ, ಡಿಗ್ರಿ ನೋಡಿ ಅದನ್ನ ಆನ್ ಆಫ್ ಮಾಡೋಕೊಂದು ಕಂಟ್ರೋಲರ್ ಇದೆ, ಸೆನ್ಸರ್‌ನ ಬಕೆಟ್ ಮೈಗೆ ಟೇಪ್ ಹಾಕಿ ಮೇಲೆ ಸ್ಪಂಜ್ ಒತ್ತಿದೀನಿ, ಗಾಳೀಲಿ ನೇತುಹಾಕಿದ್ರೆ ಅದು ಫ್ರೀಜರಿನ ಗಾಳಿ ಅಳೆಯುತ್ತೆ, ಬೀರನ್ನಲ್ಲ.

ಸರಿ, ಹನುಮಂತನಗರಕ್ಕೆ ಬರೋಣ. ಅಣ್ಣನಿಗೆ ಅಂತ ತಂದಿದ್ದ ಕಡ್ಡಿ ಥರ್ಮಾಮೀಟರ್ ತೆಗೆದು ಹಿಟ್ಟಿನೊಳಗೆ ಇಳಿಸಿದೆ. 19. ಇಡ್ಲಿ ಹಿಟ್ಟು ಚೆನ್ನಾಗಿ ಏಳೋದು 27, 30ರ ಸುತ್ತ. ಸ್ಟೀಲ್ ಡಬರಿ, ಅದರ ಕೆಳಗೆ ಗ್ರಾನೈಟ್ ಕಟ್ಟೆ, ಪಕ್ಕದಲ್ಲಿ ರಾತ್ರಿಯೆಲ್ಲಾ ತೆರೆದಿದ್ದ ಕಿಟಕಿ, ಹೊರಗೆ ಬೆಂಗಳೂರಿನ ಡಿಸೆಂಬರ್. ಕಟ್ಟೆ ಮೇಲೆ ಅಂಗೈ ಇಟ್ಟರೆ ಕೈ ಜುಂ ಅನ್ನೋ ಅಷ್ಟು ತಣ್ಣಗಿತ್ತು. ಅತ್ತಿಗೆ ಕೈಗೂ ಇದಕ್ಕೂ ಏನು ಸಂಬಂಧ? ಡಬರೀನ ಮಡಚಿದ ಗೋಣಿತಾಟಿನ ಮೇಲಿಟ್ಟು ಹಳೇ ಶಾಲು ಸುತ್ತಿ, ಸುತ್ತಲೂ ಬಿಸಿನೀರು ತುಂಬಿದ ಮೂರು ಬಾಟಲಿ ಒತ್ತಿಟ್ಟು, ಆರಿದ ಹಾಗೆ ಬದಲಾಯಿಸ್ತಾ ಹೋದ್ವಿ. ಸಾಯಂಕಾಲಕ್ಕೆ ಮುಚ್ಚಳ ಎತ್ತಿಬಿಟ್ಟಿತ್ತು.

ನನ್ನ ಸಿಟ್ಟು ಇರೋದು ಇಲ್ಲಿ. ನಮ್ಮನೇಲಿ ಬರೆಯೋ ಅಭ್ಯಾಸ ಇಲ್ಲ ಅಂತ ಅಲ್ಲ. ಗೋಡೆ ಕ್ಯಾಲೆಂಡರ್ ನೋಡಿ, ಹಾಲು ಬರದ ದಿನ ಸೊನ್ನೆ, ಸಿಲಿಂಡರ್ ಹಚ್ಚಿದ ದಿನ, ಕೆಲಸದವಳಿಗೆ ಕೊಟ್ಟ ಅಡ್ವಾನ್ಸ್, ಎಲ್ಲಾ ಅಮ್ಮನ ಅಕ್ಷರದಲ್ಲೇ ಇದೆ. ಹಿಟ್ಟಿನ ಬಗ್ಗೆ ಒಂದಕ್ಷರ ಇಲ್ಲ. ಕೇಳಿದ್ರೆ "ಅದೆಲ್ಲಾ ಅಂದಾಜು ಕಣೋ". ಚೆನ್ನಾಗಿ ಬಂದ್ರೆ ಅಂದಾಜು, ಕೆಟ್ಟರೆ ಸೊಸೆ ಕೈಗುಣ. ಎಷ್ಟು ಮನೇಲಿ ಎಷ್ಟು ಹೆಣ್ಣುಮಕ್ಕಳು ಎರಡು ಬೊಗಸೆ ಹಿಟ್ಟಿಗೋಸ್ಕರ ಈ ಮಾತು ಕೇಳಿದಾರೋ, ಹೆಪ್ಪು ಗಟ್ಟಿಲ್ಲ ಅಂದ್ರೂ ಇದೇ ಮಾತು. ಡಿಗ್ರಿ ನೋಡಿ ಒಂದು ಕಡೆ ಬರೆದಿಟ್ಟಿದ್ರೆ ಮಾತಾಡೋ ಅವಶ್ಯಕತೆನೇ ಇರ್ತಿರಲಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಭ್ರಮೆ ಇದೆ, ನಮ್ಮೂರಿಗೆ ದೇವರು ಕೊಟ್ಟ ಏಸಿ ಇದೆ ಅಂತ. ಇದೇ ಊರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು. ಇಂದಿರಾನಗರದಲ್ಲಿ ಅಲ್ಲೇ ಬೀರ್ ಮಾಡಿ ಕೊಡೋ ಮೈಕ್ರೋಬ್ರೂವರಿಗೆ ಸ್ನೇಹಿತರ ಜೊತೆ ಹೋದಾಗ ಗಾಜಿನ ಹಿಂದೆ ಟ್ಯಾಂಕ್ ತೋರಿಸಿ ಹೇಳಿದೆ, ಇಂಥ ಟ್ಯಾಂಕಿಗೆ ಎರಡು ಪದರ ಇರುತ್ತೆ, ಮಧ್ಯೆ ಗ್ಲೈಕಾಲ್ ಅನ್ನೋ ತಣ್ಣನೆ ದ್ರವ ಓಡ್ತಿರುತ್ತೆ, ಊರಿನ ಹವಾ ನಂಬಿ ಯಾರೂ ಬೀರ್ ಮಾಡಲ್ಲ ಅಂತ. ಒಬ್ಬ ಮನೇಲೇ ಮಾಡೋಣ ಅಂತ ಹೊರಟ, ಬೇಡ ಅಂದೆ, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದ್ರೆ ಅಬಕಾರಿ ಕೇಸು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿಂದ ಕೇಂದ್ರದ ಕಡೆಯಿಂದ ಮನೆಬಳಕೆಗೆ ಬಿಟ್ರು, ಇಬ್ಬರು ದೊಡ್ಡವರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರೋ ಹಾಗಿಲ್ಲ. ಆದ್ರೆ ಇಡ್ಲಿ ಹಿಟ್ಟಿಗೆ ಯಾವ ಲೈಸೆನ್ಸೂ ಬೇಡವಲ್ಲ, ಅಳೆಯೋಕೆ ಏನು ಕಷ್ಟ?

ಒಂದು ವಿಷಯ ಹೇಳದೆ ಇದ್ರೆ ತಪ್ಪಾಗುತ್ತೆ. ಅವತ್ತು ಮಧ್ಯಾಹ್ನ ಅಮ್ಮ ಬಂದು ಶಾಲು ಸರಿಸಿ ಡಬರಿ ಪಕ್ಕಕ್ಕೆ ಹಿಂಗೈ ತಾಗಿಸಿ "ಈಗ ಹದಕ್ಕೆ ಬಂದಿದೆ ನೋಡು" ಅಂದ್ಳು. ನಾನು ಕಡ್ಡಿ ಇಳಿಸಿದೆ, 27. ಚಳಿಗಾಲಕ್ಕೆ ಉದ್ದು ಒಂದು ಹಿಡಿ ಜಾಸ್ತಿ, ಮೆಂತ್ಯ ಜಾಸ್ತಿ, ಬೇಸಿಗೇಲಿ ರುಬ್ಬೋಕೆ ತಣ್ಣೀರು, ಇದೆಲ್ಲಾ ಅವಳಿಗೆ ಯಾರೂ ಬರೆದುಕೊಟ್ಟಿದ್ದಲ್ಲ. ನಾನು ಮಿನಿಯಾಪೊಲಿಸ್‌ನಲ್ಲಿ ಓವನ್ ಲೈಟ್ ಹಾಕಿ 28ರಲ್ಲಿ ಅಲುಗಾಡದ ಹಾಗೆ ಇಟ್ಟ ಹಿಟ್ಟಿನಲ್ಲಿ ಅಮ್ಮನ ಇಡ್ಲಿ ಒಂದು ಸಲಾನೂ ಬಂದಿಲ್ಲ, ಇದನ್ನ ಒಪ್ಕೋಬೇಕು. ಆದ್ರೂ ಆ ಹಿಂಗೈಗೆ ನಲವತ್ತು ವರ್ಷ ಹಿಡಿದಿದೆ, ಅತ್ತಿಗೆಗೆ ನಾಳೆ ಬೆಳಗ್ಗೆನೇ ತಿಂಡಿ ಆಗಬೇಕು.

ಥರ್ಮಾಮೀಟರ್ ಅವರಿಗೇ ಬಿಟ್ಟು ಬಂದೆ, ಅಣ್ಣನಿಗೆ ಬೇರೆ ಕಳಿಸ್ತೀನಿ. ಹೋದ ವಾರ ಫೋನ್ ಮಾಡಿದಾಗ ಅತ್ತಿಗೆ ಹೇಳ್ತಿದ್ರು, "ಇವತ್ತು 21 ಇದೆ ಕಣೋ, ನಾಳೆ ಬೆಳಗ್ಗೆಗೆ ಅವಲಕ್ಕಿ, ಇಡ್ಲಿ ರಾತ್ರಿಗೆ." ಹಿಂದಿನಿಂದ ಅಮ್ಮನ ದನಿ ಕೇಳಿಸ್ತು, ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕದ ಜಾಗದಲ್ಲಿ ಬರೀಬೇಡ, ಪಕ್ಕದಲ್ಲಿ ಬರಿ ಅಂತ.