ಗೊತ್ತಾಗದ ಹಾಗೆ ಬೆರೆಸೋ ಪುಡಿ

"ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ." ಬಸ್‌ಸ್ಟ್ಯಾಂಡ್ ಗೋಡೆಯ ಈ ಪೋಸ್ಟರ್ ಇವತ್ತು ಮತ್ತೆ ವಾಟ್ಸಾಪಿನಲ್ಲಿ ಓಡಾಡ್ತಿದೆ. ಕೆಳಗೆ ಸಾಲುಸಾಲಾಗಿ "ಅಕ್ಕ, ನಂಬರ್ ಕಳ್ಸಿ". ಮೈ ಉರೀತು.

ಆ ಪುಡಿಯಲ್ಲಿ ಏನಿದೆಯೋ ದೇವರಿಗೇ ಗೊತ್ತು. ಇನ್ನು ಕೆಲವರು ಕುಡಿತ ಬಿಡಿಸೋಕೆ ಡಾಕ್ಟರ್ ಬರೆದುಕೊಡೋ ಡೈಸಲ್ಫಿರಾಮ್ ಮಾತ್ರೆಯನ್ನೇ ಕುಟ್ಟಿ ಸಾರಿಗೆ ಹಾಕ್ತಾರೆ. ಕುಡಿದಿದ್ದು ಮೈಯಲ್ಲಿ ಅಸಿಟಾಲ್ಡಿಹೈಡ್ ಅನ್ನೋ ವಿಷವಸ್ತು ಆಗಿ, ಆಮೇಲೆ ಕರಗಬೇಕು. ಹಾಗೆ ಕರಗದಂತೆ ತಡೆಯೋದೇ ಈ ಮಾತ್ರೆಯ ಕೆಲಸ. ಇದರ ಮೇಲೆ ಒಂದು ಪೆಗ್ ಬಿದ್ರೆ ಮುಖ ಕೆಂಪೇರಿ, ಎದೆ ಹೊಡ್ಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಹೃದಯದ ತೊಂದರೆ ಇದ್ದವನ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿ 14 ದಿನದವರೆಗೂ ಈ ಅಪಾಯ ಇರುತ್ತೆ. ಕೆಲವು ಕೆಮ್ಮಿನ ಸಿರಪ್ಪಿನಲ್ಲೂ ಆಲ್ಕೋಹಾಲ್ ಇದೆ. ತಿಂದಿದ್ದೇ ಗೊತ್ತಿಲ್ಲದವನು ಯಾವುದಕ್ಕೆ ಅಂತ ಹುಷಾರಾಗಿರಬೇಕು?

"ಗಂಡ ಬರೀ ಸುಳ್ಳು ಹೇಳ್ತಾನೆ" ಅಂತ ಅಳೋ ಮನೆಯೇ ಅವನ ತಟ್ಟೆಗೆ ಸುಳ್ಳು ಬಡಿಸೋದು! ಒಂದಲ್ಲ ಒಂದು ದಿನ ಗೊತ್ತಾಗೇ ಆಗುತ್ತೆ. ಆಮೇಲೆ ಮನೆ ಊಟದ ಮೇಲೂ ಅನುಮಾನ, ಡಾಕ್ಟರ್ ಕೊಟ್ಟ ಮಾತ್ರೆ ಮೇಲೂ ಅನುಮಾನ.

ಅದೇ ಮಾತ್ರೆಯನ್ನು ಡಾಕ್ಟರ್ ಹೇಳಿ, ಅವನು ಒಪ್ಪಿ ತಗೊಳ್ಳೋ ಕ್ರಮ ನೋಡಿ. ಲಿವರ್ ಪರೀಕ್ಷೆ ಆಗಿರಬೇಕು, ಕೊನೇ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದಿರಬೇಕು, ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ 250 ಮಿಲಿಗ್ರಾಂ. ತಿಂಡಿ ಆದಮೇಲೆ ಹೆಂಡತಿ ಎದುರಿಗೇ ನುಂಗ್ತಾನೆ. "ನಿನ್ನೆ ಕುಡಿದಿಲ್ಲ, ಇವತ್ತೂ ಕುಡಿಯಲ್ಲ." "ಸರಿ ಕಣ್ರೀ, ಖುಷಿಯಾಯ್ತು." ಕ್ಯಾಲೆಂಡರಿನಲ್ಲಿ ಒಂದು ಗೀಟು. ಮುಗೀತು. ಆಗ ಹೋದ ವರ್ಷದ ಗೃಹಪ್ರವೇಶದ ರಾದ್ಧಾಂತ ಎತ್ತೋ ಹಾಗಿಲ್ಲ, ಸಂಜೆ ಬಾಯಿ ಮೂಸೋ ಹಾಗೂ ಇಲ್ಲ. ಕಷ್ಟ ಇರೋದೇ ಇಲ್ಲಿ. ಕುಡಿತ ಬಿಟ್ಟ ಮೇಲೂ ತಿಂಗಳುಗಟ್ಟಲೆ ನಿದ್ದೆ ಸರಿಹೋಗದೇ ಇರಬಹುದು. ಕಣ್ಣು ಕೆಂಪು, ಮಾತು ಸಿಡಿಮಿಡಿ. ನೋಡಿದವರೆಲ್ಲ "ಮತ್ತೆ ಶುರು ಹಚ್ಕೊಂಡ" ಅಂತಾರೆ. ಹೇಗಿದ್ರೂ ಅನ್ನಿಸ್ಕೊಳ್ಳೋದು ತಪ್ಪಲ್ಲ, ಕುಡಿದೇ ಅನ್ನಿಸ್ಕೊಳ್ಳೋಣ ಅಂತ ಅವನಿಗೂ ಅನ್ನಿಸುತ್ತೆ.

ದುಡ್ಡಿನ ವಿಷಯದಲ್ಲೂ ಅಷ್ಟೇ. ಎಟಿಎಂ ಕಾರ್ಡ್ ಕಿತ್ತಿಟ್ಟರೆ ಕೈಸಾಲ ಶುರುವಾಗುತ್ತೆ. ಬಸ್ಸಿಗೆ, ಕಾಫಿಗೆ ವಾರಕ್ಕಿಷ್ಟು ಅಂತ ಕೂತು ಮಾತಾಡಿ, ಮೂರು ತಿಂಗಳಿಗೊಮ್ಮೆ ಏರಿಸಿ.

"ಅವನು ಮಾತ್ರೆಗೆ ಒಪ್ಪೋದೇ ಇಲ್ಲ, ಏನ್ಮಾಡೋಣ?" ನ್ಯಾಯವಾದ ಪ್ರಶ್ನೆ. ಆದ್ರೆ ಒಪ್ಪದವನಿಗೆ ಕದ್ದು ತಿನ್ನಿಸೋದಕ್ಕೆ ಚಿಕಿತ್ಸೆ ಅಂತ ಹೆಸರಿಡಬೇಡಿ. ಮೊದಲು ನೀವೊಬ್ಬರೇ ಹೋಗಿ ಮಾತಾಡಿ. ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಅಂದ್ರೆ ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕುಡಿಯೋ ಚಪಲ ತಗ್ಗಿಸೋ ನಾಲ್ಟ್ರೆಕ್ಸೋನ್ ಥರದ ಬೇರೆ ಮಾತ್ರೆಗಳೂ ಇವೆ, ಡಾಕ್ಟರನ್ನು ಕೇಳಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ನಂಬಿಕೆಯ ಮಾತು ಆಮೇಲೆ, ಮೊದಲು ಮಕ್ಕಳನ್ನು ಕರ್ಕೊಂಡು ಹೊರಡಿ.

ಅವನು ಜಾರಿ ಮತ್ತೆ ಕುಡಿದ ದಿನ ಏನು ಮಾಡೋದು ಅಂತ ಇಬ್ಬರೂ ಕೂತು ಮೊದಲೇ ಬರೆದಿಡಿ. ಆ ರಾತ್ರಿ ಜಗಳ ಬೇಡ, ಗಾಡಿ ಕೀ ಹೆಂಡತಿ ಕೈಗೆ, ಬೆಳಿಗ್ಗೆ ಡಾಕ್ಟರಿಗೆ ಫೋನ್. ಡೈಸಲ್ಫಿರಾಮ್ ಮೇಲೆ ಕುಡಿದಿದ್ದರೆ ಬೆಳಗಾಗೋವರೆಗೆ ಕಾಯಲೇಬೇಡಿ. 108ಕ್ಕೆ ಫೋನ್ ಮಾಡಿ, ಯಾವ ಮಾತ್ರೆ, ಯಾವಾಗ ನುಂಗಿದ್ದು ಅಂತ ಬಂದವರಿಗೆ ಹೇಳಿ.